ಹನ್ನೊಂದಾದರೂ ಮಲಗದ ಮಕ್ಕಳು: ಹಾಸನದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಾಸನದ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ನಾಲ್ಕೂವರೆ ವರ್ಷದ ಮಗಳು ಎಲ್‌ಕೆಜಿಗೆ ಹೋಗುತ್ತಾಳೆ. ಒಂದೂವರೆ ವರ್ಷದ ಮಗ ಹಗಲಲ್ಲಿ ನಮ್ಮ ಅತ್ತೆಯವರ ಜೊತೆ ಮನೆಯಲ್ಲಿರುತ್ತಾನೆ. ಯಜಮಾನರು ಅಂಗಡಿ ಮುಚ್ಚಿ ಬರುವುದು ರಾತ್ರಿ ಒಂಬತ್ತೂವರೆಗೆ, ಎಲ್ಲರ ಊಟವೂ ಆಮೇಲೆಯೇ. ಮಕ್ಕಳು ಮಲಗುವಾಗ ಹನ್ನೊಂದಾಗುತ್ತದೆ. ಬೆಳಿಗ್ಗೆ ಏಳೂಮುಕ್ಕಾಲಿಗೂ ಮಗಳು ಏಳುವುದಿಲ್ಲ, ಎಂಟೂವರೆಗೆ ಶಾಲೆಯ ವ್ಯಾನ್ ಬರುತ್ತದೆ, ದಿನವೂ ಅಳುತ್ತಲೇ ಹೋಗುತ್ತಾಳೆ. ಎರಡೂವರೆಗೆ ಮನೆಗೆ ಬಂದವಳು ಮೂರರಿಂದ ಐದೂವರೆಯವರೆಗೆ ಮಲಗುತ್ತಾಳೆ. ಮಗನಿಗೆ ಜೋಲಿಯಲ್ಲಿ ತೂಗಿದರೆ ಮಾತ್ರ ನಿದ್ದೆ; ರಾತ್ರಿ ಮೂರು ನಾಲ್ಕು ಸಲ ಎಚ್ಚರವಾಗುತ್ತಾನೆ, ಪ್ರತಿ ಸಲವೂ ಮತ್ತೆ ತೂಗಬೇಕು. ‘ನಿದ್ದೆ ಬಂದಾಗ ಮಲಗ್ತವೆ ಬಿಡು, ಮಕ್ಕಳಿಗೆಂಥ ಟೈಮ್‌ಟೇಬಲ್ಲು’ ಎನ್ನುತ್ತಾರೆ ಅತ್ತೆ. ನಮ್ಮಂಥ ಮನೆಯಲ್ಲಿ ಮಕ್ಕಳನ್ನು ಒಂಬತ್ತಕ್ಕೆ ಮಲಗಿಸಲು ಸಾಧ್ಯವೇ? ಅವರನ್ನು ಬೇರೆ ಕೋಣೆಯಲ್ಲಿ ಮಲಗಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿರುವ ವೇಳೆಗಳನ್ನು ಮೊದಲು ಕೂಡಿಸಿ ನೋಡೋಣ. ಮಗಳು ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳೂಮುಕ್ಕಾಲರವರೆಗೆ ಎಂಟೂಮುಕ್ಕಾಲು ಗಂಟೆ, ಮಧ್ಯಾಹ್ನ ಎರಡೂವರೆ ಗಂಟೆ, ಒಟ್ಟು ಹನ್ನೊಂದೂಕಾಲು ಗಂಟೆ ಮಲಗುತ್ತಿದ್ದಾಳೆ. ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಒಂದರಿಂದ ಎರಡು ವರ್ಷದವರಿಗೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದರೆ ನಿಮ್ಮ ಮಗಳಿಗೆ ನಿದ್ದೆ ಕಡಿಮೆಯಾಗಿಲ್ಲ, ಅದು ತಪ್ಪಾದ ಹೊತ್ತಿಗೆ ಹಂಚಿಹೋಗಿದೆ. ನಿದ್ದೆಯೇ ಇಲ್ಲದ ಮಗುವನ್ನು ಸರಿಪಡಿಸುವುದಕ್ಕಿಂತ ಇದು ಬಹಳ ಸುಲಭದ ಕೆಲಸ. ಆದರೆ ಆ ಕೆಲಸ ರಾತ್ರಿ ಒಂಬತ್ತಕ್ಕೆ ಶುರುವಾಗುವುದಿಲ್ಲ, ಬೆಳಿಗ್ಗೆಯೇ ಶುರುವಾಗಬೇಕು. ಮಲಗುವ ವೇಳೆಯನ್ನು ಮಾತ್ರ ಹಿಡಿದು ಎಳೆಯುವ ತಂದೆತಾಯಿ ಎರಡು ವಾರದಲ್ಲಿ ಸೋತು ಕೈಬಿಡುವುದನ್ನು ಮಕ್ಕಳ ವೈದ್ಯನಾಗಿ ನಾನು ಮತ್ತೆ ಮತ್ತೆ ನೋಡುತ್ತೇನೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನಿದ್ದೆಯನ್ನು ಯಾರೂ ಬಲವಂತವಾಗಿ ಬರಿಸಲಾಗದು. ಆದರೆ ಅದು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಹಗಲು ಹೇಗೆ ಕಳೆಯಿತು ಎಂಬುದನ್ನು ಅವಲಂಬಿಸಿದೆ. ಇಲ್ಲಿ ಎರಡು ಸಂಗತಿಗಳು ಕೆಲಸ ಮಾಡುತ್ತವೆ. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಇದರ ಜೊತೆಗೆ ಬೆಳಕು ಮತ್ತು ಕತ್ತಲೆಯನ್ನು ಅನುಸರಿಸಿ ನಡೆಯುವ ದೇಹದ ಗಡಿಯಾರವೊಂದಿದ್ದು, ಸಂಜೆ ಬೆಳಕು ಕಡಿಮೆಯಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸಿ ನಿದ್ದೆಗೆ ದಾರಿ ಮಾಡಿಕೊಡುತ್ತದೆ. ಈ ಎರಡೂ ಒಂದೇ ಹೊತ್ತಿಗೆ ಕೂಡಿಬಂದಾಗ ಮಗು ಹಟವಿಲ್ಲದೆ ಮಲಗುತ್ತದೆ. ನಿಮ್ಮ ಮಗಳು ಐದೂವರೆಗೆ ಎದ್ದು ಕೂತರೆ ಅವಳಲ್ಲಿ ಏರಿದ್ದ ಒತ್ತಡವೆಲ್ಲ ಆಗಲೇ ಇಳಿದಿರುತ್ತದೆ. ಆ ವಯಸ್ಸಿನ ಮಗುವಿಗೆ ಮತ್ತೆ ಗಾಢ ನಿದ್ದೆ ಹತ್ತಲು ಐದಾರು ಗಂಟೆಯ ಎಚ್ಚರ ಬೇಕು. ಐದೂವರೆಗೆ ಐದೂವರೆ ಗಂಟೆ ಸೇರಿಸಿದರೆ ಹನ್ನೊಂದು. ಅವಳು ನಿಮಗೆ ಹಟ ಮಾಡುತ್ತಿಲ್ಲ, ಒಂಬತ್ತಕ್ಕೆ ಅವಳಿಗೆ ನಿಜವಾಗಿಯೂ ನಿದ್ದೆ ಬಂದಿರುವುದಿಲ್ಲ.

ಆದ್ದರಿಂದ ಮೊದಲು ಮುಟ್ಟಬೇಕಾದದ್ದು ಏಳುವ ವೇಳೆಯನ್ನು. ಈಗಿನ ಏಳೂಮುಕ್ಕಾಲಿನಿಂದ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತರುತ್ತಾ ಆರೂಮುಕ್ಕಾಲು ಅಥವಾ ಏಳಕ್ಕೆ ನಿಲ್ಲಿಸಿ, ಭಾನುವಾರವೂ ಅದನ್ನು ಅರ್ಧ ಗಂಟೆಗಿಂತ ಹೆಚ್ಚು ಬದಲಿಸಬೇಡಿ. ಎಬ್ಬಿಸಿದ ಕೂಡಲೇ ಬಚ್ಚಲುಮನೆಗೆ ಓಡಿಸುವ ಬದಲು ಹತ್ತು ಹದಿನೈದು ನಿಮಿಷ ಜಗಲಿಯಲ್ಲೋ ಅಂಗಳದಲ್ಲೋ ಟೆರೇಸಿನಲ್ಲೋ ಹೊರಗಿನ ಬೆಳಕಿನಲ್ಲಿ ಇರಿಸಿ; ಹೂ ಕೀಳುವುದು, ಗಿಡಕ್ಕೆ ನೀರು ಹಾಕುವುದು, ರಂಗೋಲಿ ಹಾಕುವಾಗ ಪಕ್ಕದಲ್ಲಿ ಕೂರುವುದು, ಏನಾದರೂ ಸರಿ. ಮೋಡ ಮುಸುಕಿದ ದಿನದಲ್ಲೂ ಹೊರಗಿನ ಬೆಳಕು ಟ್ಯೂಬ್‌ಲೈಟ್ ಉರಿಯುವ ಕೋಣೆಯ ಬೆಳಕಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಹೀಗಾಗಿ ಸಕಲೇಶಪುರ, ಮೂಡಿಗೆರೆ ಕಡೆಯ ಓದುಗರು ಮಳೆಗಾಲದಲ್ಲಿ ಇದು ಆಗದ ಮಾತು ಎಂದುಕೊಳ್ಳಬೇಕಾಗಿಲ್ಲ, ಸೂರಿನಡಿಯ ಜಗಲಿಯೂ ಸಾಕಾಗುತ್ತದೆ. ಬೆಳಗಿನ ಈ ಬೆಳಕು ದೇಹದ ಗಡಿಯಾರವನ್ನು ರಾತ್ರಿ ನಿದ್ದೆ ಬೇಗ ಬರುವಂತೆ ಸರಿಸುತ್ತದೆ, ಅದರ ಫಲ ಆ ದಿನ ರಾತ್ರಿಯಲ್ಲದಿದ್ದರೂ ಆ ವಾರದ ರಾತ್ರಿಗಳಲ್ಲಿ ಕಾಣುತ್ತದೆ. ಪ್ರಕೃತಿಯೂ ನಮಗೆ ಅನುಕೂಲವಾಗಿಯೇ ಇದೆ. ಹಾಸನ, ಚಿಕ್ಕಮಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ, ಸೂರ್ಯಾಸ್ತ ಯಾವ ತಿಂಗಳಲ್ಲೂ ಸಂಜೆ ಆರರಿಂದ ಏಳರ ಆಸುಪಾಸಿನಲ್ಲೇ. ಒಂಬತ್ತಕ್ಕೂ ನಮ್ಮ ಮನೆಗಳಲ್ಲಿ ಹಗಲು ಮುಂದುವರಿದಿದ್ದರೆ ಅದು ಪೂರಾ ನಾವೇ ಹಚ್ಚಿಟ್ಟ ಹಗಲು.

ಎರಡನೆಯದು ಮಧ್ಯಾಹ್ನದ ನಿದ್ದೆ, ಮತ್ತು ನಿಮ್ಮ ವಿಷಯದಲ್ಲಿ ಇದೇ ಗಂಟು. ಮೂರರಿಂದ ಐದು ವರ್ಷದೊಳಗೆ ಹೆಚ್ಚಿನ ಮಕ್ಕಳು ಹಗಲು ಮಲಗುವುದನ್ನು ತಾವಾಗಿಯೇ ಬಿಡುತ್ತಾರೆ. ಆದರೂ ನಿಮ್ಮ ಮಗಳಿಗೆ ಅದನ್ನು ಒಮ್ಮೆಲೇ ತಪ್ಪಿಸಬೇಡಿ. ಈಗ ರಾತ್ರಿಯ ನಿದ್ದೆ ಚಿಕ್ಕದಾಗಿರುವಾಗ ತಪ್ಪಿಸಿದರೆ ಸಂಜೆ ಆರಕ್ಕೆ ತಟ್ಟೆಯ ಮುಂದೆಯೇ ತೂಕಡಿಸಿ, ಏಳಕ್ಕೆ ಎದ್ದು, ನಡುರಾತ್ರಿಯವರೆಗೆ ಕುಣಿಯುತ್ತಾಳೆ. ಶಾಲೆಯಿಂದ ಬಂದ ತಕ್ಷಣ ಊಟ ಮಾಡಿಸಿ ಎರಡೂಮುಕ್ಕಾಲಿಗೆ ಮಲಗಿಸಿ, ಮುಕ್ಕಾಲು ಗಂಟೆಗೆ, ಅಂದರೆ ಮೂರೂವರೆಗೆ ಎಬ್ಬಿಸಬೇಕು. ಎಬ್ಬಿಸಿದಾಗ ಹತ್ತು ನಿಮಿಷ ಅಳುತ್ತಾಳೆ. ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ಅಜ್ಜಿಗೆ ಇದು ಕಷ್ಟದ ಕೆಲಸ. ನೀವು ಕಚೇರಿಯಲ್ಲಿರುವ ಹೊತ್ತಿನಲ್ಲಿ ನಡೆಯುವ ಕೆಲಸವೂ ಹೌದು. ಆದ್ದರಿಂದ ಮೇಲಿನ ಐದೂವರೆ ಮತ್ತು ಹನ್ನೊಂದರ ಲೆಕ್ಕವನ್ನು ಅವರ ಮುಂದಿಟ್ಟು ಮಾತಾಡಿ. ಮೊಮ್ಮಗಳ ಬೆಳಗಿನ ಅಳುವನ್ನು ನಿಮ್ಮಷ್ಟೇ ಅವರೂ ಕೇಳಿಸಿಕೊಳ್ಳುತ್ತಿದ್ದಾರೆ. ಮೂರೂವರೆಗೆ ಎದ್ದವಳಿಗೆ ಹಾಲೋ ಹಣ್ಣೋ ಕೊಟ್ಟು ಬಿಸಿಲಿಳಿದ ಮೇಲೆ ಹೊರಗೆ ಆಡಲು ಬಿಟ್ಟರೆ ಒಂಬತ್ತರ ಸುಮಾರಿಗೆ ನಿದ್ದೆ ತಾನಾಗಿಯೇ ಬರುತ್ತದೆ. ನಿಮ್ಮ ಮನೆ ಹತ್ತಿರವಿದ್ದರೆ ಮಹಾರಾಜ ಪಾರ್ಕ್, ಇಲ್ಲವಾದರೆ ಮನೆಯ ಮುಂದಿನ ರಸ್ತೆಯ ತುದಿಯ ಖಾಲಿ ಸೈಟು, ಓಡಲು ಜಾಗವಿದ್ದರೆ ಆಯಿತು.

ಇಲ್ಲಿ ಕಾಫಿಯ ಮಾತನ್ನು ಹೇಳಲೇಬೇಕು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಸಂಜೆ ದೊಡ್ಡವರಿಗೆ ಲೋಟ ಬಂದಾಗ ಮಗುವಿನ ಕೈಗೂ ಅರ್ಧ ಲೋಟ ಹಾಲುಕಾಫಿ ಬರುವುದು ಮಾಮೂಲು, ಅದನ್ನು ಯಾರೂ ಕಾಫಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಹದಿನೈದು ಕಿಲೋ ತೂಗುವ ಮಗುವಿಗೆ ಅರ್ಧ ಲೋಟವೂ ಸಣ್ಣ ಪ್ರಮಾಣವಲ್ಲ. ಇದಲ್ಲದೆ ಕಾಫಿ ಮತ್ತು ಟೀ ಎರಡೂ ಆಹಾರದಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ನಿಮ್ಮ ಮನೆಯಲ್ಲಿ ಈ ಅಭ್ಯಾಸವಿದ್ದರೆ ನಿಲ್ಲಿಸಿ. ಚಿಕ್ಕಮಕ್ಕಳ ಕಾಫಿಗೆ ಯಾವ ಸಮರ್ಥನೆಯೂ ಇಲ್ಲ, ಅದು ನಮ್ಮ ತೋಟದ್ದೇ ಆದರೂ.

ಇನ್ನು ರಾತ್ರಿಯ ಊಟ ಮತ್ತು ಯಜಮಾನರು ಬರುವ ಹೊತ್ತು. ಒಂಬತ್ತೂವರೆಯ ಊಟಕ್ಕೆ ಮಕ್ಕಳನ್ನು ಕಾಯಿಸುವ ತನಕ ಉಳಿದ ಯಾವ ಉಪಾಯವೂ ಫಲಿಸದು. ಮಕ್ಕಳಿಗೆ ಏಳೂವರೆಯೊಳಗೆ ಊಟವಾಗಬೇಕು, ದೊಡ್ಡವರು ತಮ್ಮ ಹೊತ್ತಿಗೆ ಉಣ್ಣಲಿ. ಮುದ್ದೆಗೆ ನೀರಿಡುವುದನ್ನು ಎರಡು ಸಲ ಮಾಡುವುದು ಯಾರಿಗೂ ಬೇಡ. ಮಕ್ಕಳಿಗೆ ಅನ್ನ, ಸಾರು, ತುಪ್ಪ, ಒಂದು ಪಲ್ಯವಿದ್ದರೆ ಸಾಕು. ಆದರೆ ಮಗಳು ಎಚ್ಚರವಾಗಿರಲು ಹಸಿವಿಗಿಂತ ದೊಡ್ಡ ಕಾರಣವೊಂದು ನಿಮ್ಮ ಪತ್ರದ ನಡುವೆ ಕಾಣುತ್ತದೆ, ಅವಳಿಗೆ ಅಪ್ಪ ಸಿಗುವುದು ಆ ಒಂದೇ ಹೊತ್ತಿನಲ್ಲಿ. ಒಂಬತ್ತಕ್ಕೆ ಮಲಗಿಸಿ ಅಪ್ಪನನ್ನು ಅವಳ ದಿನದಿಂದಲೇ ತೆಗೆದುಹಾಕಿದರೆ ಅವಳು ಸುಮ್ಮನಿರುವುದಿಲ್ಲ, ಸುಮ್ಮನಿರಲೂ ಬಾರದು. ಅಂಗಡಿಯ ಬಾಗಿಲು ತೆಗೆಯುವುದು ಸಾಮಾನ್ಯವಾಗಿ ಮಕ್ಕಳು ಶಾಲೆಗೆ ಹೊರಟ ಮೇಲೆ. ಹಾಗಾದರೆ ಬೆಳಗಿನ ಹೊತ್ತನ್ನು ಅಪ್ಪನಿಗೆ ಒಪ್ಪಿಸಿ: ಎಬ್ಬಿಸುವುದು, ಅಂಗಳಕ್ಕೆ ಕರೆದೊಯ್ಯುವುದು, ಸ್ನಾನ, ತಿಂಡಿ, ವ್ಯಾನ್ ಹತ್ತಿಸುವುದು ಎಲ್ಲವನ್ನೂ ಅವರೇ ಮಾಡಲಿ. ಇದು ನಿಮಗೆ ಸಿಗುವ ಬಿಡುವಿಗಾಗಿ ಹೇಳುತ್ತಿರುವ ಮಾತಲ್ಲ, ಅದೂ ಸಿಕ್ಕರೆ ಒಳ್ಳೆಯದೇ. ಬೆಳಿಗ್ಗೆ ಅಪ್ಪ ಸಿಗುತ್ತಾನೆಂದು ಗೊತ್ತಾದ ಮಗುವಿಗೆ ರಾತ್ರಿ ಅಪ್ಪನನ್ನು ಕಾಯುವ ಅಗತ್ಯವಿಲ್ಲ, ಹಾಸಿಗೆಯಿಂದ ಏಳಲು ಒಂದು ಕಾರಣವೂ ಸಿಗುತ್ತದೆ. ಹಾಗೂ ಒಂಬತ್ತೂವರೆಗೆ ಮನೆಗೆ ಬಂದ ಯಜಮಾನರು ಆಗತಾನೆ ಕಣ್ಣುಮುಚ್ಚಿದ ಮಗುವನ್ನು ಪ್ರೀತಿಯಿಂದ ಎಬ್ಬಿಸಿ ಮುದ್ದಾಡುವ ಪರಿಪಾಠವಿದ್ದರೆ ಅದಕ್ಕೆ ಈಗಲೇ ವಿದಾಯ ಹೇಳಬೇಕು.

ಮಲಗುವ ಮುಂಚಿನ ಕ್ರಮಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಬಿಸಿನೀರಿನಲ್ಲಿ ಸ್ನಾನ ಅಥವಾ ಕೈಕಾಲು ಮುಖ ತೊಳೆಯುವುದು, ಹಾಲು ಕುಡಿಯುವ ರೂಢಿಯಿದ್ದರೆ ಹಾಲು, ಅದಾದ ಮೇಲೆ ಹಲ್ಲುಜ್ಜುವುದು, ಮೂತ್ರ, ಹಾಸಿಗೆ, ಒಂದು ಕಥೆ ಅಥವಾ ಹಾಡು, ದೀಪ ಆರಿಸುವುದು. ಇದೇ ಆಗಬೇಕೆಂದಿಲ್ಲ, ಆದರೆ ದಿನವೂ ಒಂದರ ಹಿಂದೆ ಒಂದು ಅದೇ ಅನುಕ್ರಮದಲ್ಲಿ ಬರಬೇಕು. ಗಡಿಯಾರ ನೋಡಲು ಬಾರದ ಮಗು ಮುಂದೇನೆಂಬುದನ್ನು ಈ ಅನುಕ್ರಮದಿಂದಲೇ ತಿಳಿಯುತ್ತದೆ. ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳ ಮುಂದಿನ ಹಲ್ಲುಗಳು ಬೇಗ ಹುಳುಕಾಗುತ್ತವೆ. ಬಚ್ಚಲ ಒಲೆಯ ಹಂಡೆಯಲ್ಲಿ ಸಂಜೆಯೂ ನೀರು ಕಾಯುವ ಮನೆಗಳವರು ಅದೃಷ್ಟವಂತರು: ಬಿಸಿನೀರಿನ ಸ್ನಾನದಿಂದ ಚರ್ಮದ ರಕ್ತನಾಳಗಳು ಹಿಗ್ಗಿ, ಸ್ನಾನದ ನಂತರ ದೇಹದ ಒಳಗಿನ ಶಾಖ ಮೆಲ್ಲಗೆ ಇಳಿಯುತ್ತದೆ, ನಿದ್ದೆ ಹತ್ತಲು ಅದು ಸಹಾಯಕ. ಕಥೆಯನ್ನು ಅಜ್ಜಿಗೇ ಬಿಡಿ. ಟೈಮ್‌ಟೇಬಲ್ಲಿಗೆ ಒಪ್ಪದ ಹಿರಿಯರು ತಮ್ಮ ಪಾಲಿಗೆ ಬಂದ ಕೆಲಸವನ್ನು ಒಂದು ದಿನವೂ ತಪ್ಪಿಸುವುದಿಲ್ಲ ಎಂಬುದು ನನ್ನ ಅನುಭವ.

ಈ ಮುಕ್ಕಾಲು ಗಂಟೆಯಲ್ಲಿ ಬೆಳಕಿನ ಕಡೆ ಗಮನವಿರಲಿ. ಚಿಕ್ಕಮಕ್ಕಳ ಕಣ್ಣಿನ ಮಸೂರ ಹೆಚ್ಚು ಪಾರದರ್ಶಕವಾಗಿರುವುದರಿಂದ ರಾತ್ರಿಯ ಪ್ರಖರ ಬೆಳಕು ಅವರ ಮೆಲಟೋನಿನ್ನನ್ನು ದೊಡ್ಡವರಿಗಿಂತ ಹೆಚ್ಚಾಗಿ ತಗ್ಗಿಸುತ್ತದೆ. ಮಲಗುವ ಕೋಣೆಯ ಬಿಳಿ ಟ್ಯೂಬ್‌ಲೈಟ್ ಆರಿಸಿ ಒಂದು ಮಂದವಾದ ಹಳದಿ ಬಲ್ಬು ಹಾಕಿ. ಮೊಬೈಲು ಮಲಗುವ ಒಂದು ಗಂಟೆ ಮೊದಲೇ ಕೈಯಿಂದ ಹೋಗಿರಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಇಡೀ ಮನೆಯ ಧಾರಾವಾಹಿ ನಿಲ್ಲಿಸುವ ಜಗಳಕ್ಕೆ ಮಾತ್ರ ಇಳಿಯಬೇಡಿ. ಎಂಟೂಕಾಲಿನಿಂದ ಒಂಬತ್ತೂಕಾಲಿನವರೆಗೆ ಶಬ್ದ ತಗ್ಗಿಸಿ, ಕೋಣೆಯ ಬಾಗಿಲು ಮುಚ್ಚಿದ್ದರೆ ಸಾಕು. ಹಜಾರದಲ್ಲೇ ಎಲ್ಲರೂ ಮಲಗುವ ಮನೆಯಾದರೆ ಆ ಒಂದು ಗಂಟೆ ಟಿವಿ ಆರಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಮೊದಲ ದಿನವೇ ಒಂಬತ್ತಕ್ಕೆ ಮಲಗಿಸಲು ಹೋಗಬೇಡಿ. ನಿದ್ದೆ ಬಾರದ ಮಗುವನ್ನು ಎರಡು ಗಂಟೆ ಕತ್ತಲೆಯಲ್ಲಿ ಗದರಿಸಿ ಮಲಗಿಸಿಕೊಂಡರೆ ಹಾಸಿಗೆಯೆಂದರೆ ಜಗಳದ ಜಾಗವೆಂದು ಅದು ಕಲಿಯುತ್ತದೆ. ಈಗ ಹನ್ನೊಂದಕ್ಕೆ ನಿದ್ದೆ ಬರುತ್ತಿದ್ದರೆ ಕ್ರಮವನ್ನು ಹತ್ತಕ್ಕೆ ಶುರುಮಾಡಿ ಹತ್ತೂಮುಕ್ಕಾಲಿಗೆ ದೀಪ ಆರಿಸಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮಲಗುತ್ತಿದ್ದಾಳೆಂದು ಕಂಡ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಬೆಳಿಗ್ಗೆ ಏಳುವ ವೇಳೆ ಮತ್ತು ಮಧ್ಯಾಹ್ನದ ನಿದ್ದೆ ಜೊತೆಜೊತೆಗೇ ಸರಿಯುತ್ತಿರುವುದರಿಂದ ಮೂರು ವಾರದಲ್ಲಿ ಒಂಬತ್ತೂಕಾಲಿಗೆ ಬಂದು ನಿಲ್ಲಬಹುದು. ಆಗ ಅವಳಿಗೆ ರಾತ್ರಿ ಒಂಬತ್ತೂವರೆ ಗಂಟೆ, ಹಗಲು ಮುಕ್ಕಾಲು ಗಂಟೆ ಸಿಗುತ್ತದೆ, ಅಷ್ಟು ಸಾಕು. ಎಂಟಕ್ಕೇ ಮಲಗಿಸಿ ಹಗಲೂ ಎರಡು ಗಂಟೆ ಮಲಗಿಸುತ್ತೇನೆಂದರೆ ಮಾತ್ರ ಲೆಕ್ಕ ಕೂಡುವುದಿಲ್ಲ.

ನಡುವೆ ಹಟ ಬಂದೇ ಬರುತ್ತದೆ. ದೀಪ ಆರಿದ ಮೇಲೆ ನೀರು ಬೇಕು, ಇನ್ನೊಂದು ಕಥೆ ಬೇಕು, ಮತ್ತೆ ಉಚ್ಚೆ ಬಂತು ಎಂಬ ಬೇಡಿಕೆಗಳಿಗೆ ಒಂದನ್ನು ಮಾತ್ರ ಒಪ್ಪುವುದಾಗಿ ಹಗಲಲ್ಲೇ ಹೇಳಿಡಿ, ಆಮೇಲೆ ಎದ್ದು ಬಂದರೆ ಹೆಚ್ಚು ಮಾತಾಡದೆ, ಸಿಟ್ಟಾಗದೆ, ಕೈಹಿಡಿದು ಮತ್ತೆ ಹಾಸಿಗೆಗೆ ಬಿಡಿ. ಹೊಸ ಕ್ರಮದ ಮೊದಲ ಮೂರು ನಾಲ್ಕು ದಿನ ಹಟ ಕಡಿಮೆಯಾಗುವ ಬದಲು ಜೋರಾಗುತ್ತದೆ. ಕ್ರಮ ಕೆಲಸ ಮಾಡುತ್ತಿಲ್ಲವೆಂದು ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲಿಯೇ. ಐದನೆಯ ದಿನ ಸೋತು ಮೊಬೈಲು ಕೊಟ್ಟರೆ ಐದು ದಿನ ಅತ್ತರೆ ಸಿಗುತ್ತದೆಂಬ ಪಾಠವಾಗುತ್ತದೆ. ‘ಮಲಗದಿದ್ದರೆ ಗುಮ್ಮ ಬರ್ತಾನೆ’ ಎಂಬ ಹೆದರಿಕೆ ಮಾತ್ರ ಬೇಡ. ಹೆದರಿದ ಮಗು ಕಣ್ಣುಮುಚ್ಚಬಹುದು, ಆದರೆ ನಡುರಾತ್ರಿ ಎಚ್ಚರವಾದಾಗ ಕತ್ತಲೆಯಲ್ಲಿ ಅದನ್ನೇ ಹುಡುಕುತ್ತದೆ.

ಮಗನ ಜೋಲಿಯ ವಿಷಯ ಬೇರೆಯೇ. ಯಾರೂ ರಾತ್ರಿಯಿಡೀ ಒಂದೇ ಸಮನೆ ನಿದ್ರಿಸುವುದಿಲ್ಲ. ಗಾಢ ನಿದ್ದೆ, ಹಗುರ ನಿದ್ದೆಯ ಸುತ್ತು ಆ ವಯಸ್ಸಿನವರಲ್ಲಿ ಸುಮಾರು ಒಂದು ಗಂಟೆಯದು, ದೊಡ್ಡವರಲ್ಲಿ ಒಂದೂವರೆ ಗಂಟೆಯದು. ಪ್ರತಿ ಸುತ್ತಿನ ಕೊನೆಯಲ್ಲಿ ಅರೆ ಎಚ್ಚರವಾಗಿ ಸುತ್ತಲಿನದೆಲ್ಲ ಮಲಗಿದಾಗ ಇದ್ದಂತೆಯೇ ಇದೆಯೆಂದು ಅನಿಸಿದರೆ ಮಗು ಮತ್ತೆ ನಿದ್ದೆಗೆ ಜಾರುತ್ತದೆ. ತೂಗುತ್ತಿರುವಾಗ ಮಲಗಿದ ನಿಮ್ಮ ಮಗನಿಗೆ ಆ ತೂಗಾಟ ನಿಂತಿರುವುದು ಗೊತ್ತಾಗಿ ಪೂರ್ತಿ ಎಚ್ಚರವಾಗುತ್ತದೆ. ಎದೆಹಾಲು ಕುಡಿಯುತ್ತಲೇ ನಿದ್ದೆಹೋಗುವ ಮಕ್ಕಳಿಗೂ ಇದೇ ಅನ್ವಯ. ಎದೆಹಾಲನ್ನು ಎರಡು ವರ್ಷದವರೆಗೆ ಮತ್ತು ಅದರಾಚೆಗೂ ಕೊಡಬಹುದು. ಅದನ್ನು ನಿಲ್ಲಿಸಬೇಕಾಗಿಲ್ಲ, ಕ್ರಮದ ಕೊನೆಯಿಂದ ಮೊದಲಿಗೆ ತಂದು, ಹಾಲಾದ ಮೇಲೆ ಎಚ್ಚರವಿರುವಾಗಲೇ ಹಾಸಿಗೆಗೆ ಹಾಕಬೇಕು. ಜೋಲಿಯನ್ನು ಹಗಲಿನ ನಿದ್ದೆಗೆ ಸದ್ಯ ಹಾಗೇ ಇರಿಸಿ, ರಾತ್ರಿಯದನ್ನು ಮೊದಲು ಬದಲಿಸಿ. ಮೊದಲ ಕೆಲವು ದಿನ ತೂಗುವುದನ್ನು ನಿದ್ದೆ ಹತ್ತುವ ಸ್ವಲ್ಪ ಮೊದಲೇ ನಿಲ್ಲಿಸಿ, ಆಮೇಲೆ ತೂಗದೆ ಹಾಸಿಗೆಯ ಮೇಲೆ ಬೆನ್ನು ತಟ್ಟುತ್ತಾ ಅದೇ ಜೋಗುಳ ಹಾಡಿ, ಕೊನೆಗೆ ತಟ್ಟುವುದನ್ನೂ ಕಡಿಮೆ ಮಾಡುತ್ತಾ ಬನ್ನಿ. ರಾತ್ರಿ ಎಚ್ಚರವಾದಾಗಲೂ ಹಾಸಿಗೆಯಲ್ಲೇ ತಟ್ಟಿ. ಇದಕ್ಕೆ ಸುರಕ್ಷತೆಯ ಕಾರಣವೂ ಇದೆ: ಒಂದೂವರೆ ವರ್ಷದ ಮಗು ಜೋಲಿಯಲ್ಲಿ ಎದ್ದು ನಿಲ್ಲಬಲ್ಲದು, ಮಗುಚಿ ಬೀಳುವ, ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಇರುವುದರಿಂದ ನೋಡಿಕೊಳ್ಳುವವರಿಲ್ಲದೆ ಅದರಲ್ಲಿ ಬಿಡಲೇಬಾರದು. ಅವನ ಹಗಲು ನಿದ್ದೆ ಒಂದೇ ಸಾಕು, ಹನ್ನೆರಡೂವರೆಯಿಂದ ಎರಡೂವರೆಯವರೆಗೆ. ಅಕ್ಕ ಶಾಲೆಯಿಂದ ಬರುವ ಹೊತ್ತಿಗೆ ಅವನೆದ್ದಿದ್ದರೆ ಅವಳ ಮುಕ್ಕಾಲು ಗಂಟೆಗೂ ಅಡ್ಡಿಯಿಲ್ಲ. ರಾತ್ರಿ ಅವನನ್ನು ಮೊದಲು, ಎಂಟೂವರೆಯ ಹೊತ್ತಿಗೆ ನೀವು ಮಲಗಿಸಿ; ಅಷ್ಟರಲ್ಲಿ ಮಗಳ ಸ್ನಾನ ಮತ್ತು ಕಥೆ ಅಜ್ಜಿಯ ಜೊತೆ ನಡೆಯಲಿ.

ಬೇರೆ ಕೋಣೆ ಬೇಕಾಗಿಲ್ಲ. ತಂದೆತಾಯಿಯ ಜೊತೆ, ಅಜ್ಜಿಯ ಪಕ್ಕ ಮಲಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು, ಈ ವಯಸ್ಸಿನಲ್ಲಿ ಅದರಿಂದ ತೊಂದರೆಯಿಲ್ಲ. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ದಿನಕ್ಕೊಂದು ಜಾಗವಾಗದಿದ್ದರೆ ಆಯಿತು. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಮನೆ ತುಂಬ ನೆಂಟರಿದ್ದಾಗ, ಮದುವೆಗೆ ಹೋಗಿ ಬಂದ ರಾತ್ರಿಗಳಲ್ಲಿ ಕ್ರಮ ತಪ್ಪುತ್ತದೆ, ತಪ್ಪಲಿ. ಮರುದಿನ ಏಳುವ ವೇಳೆಯನ್ನು ಮಾತ್ರ ಕೈಬಿಡಬೇಡಿ.

ಕೆಲವು ಲಕ್ಷಣಗಳಿದ್ದರೆ ಕ್ರಮವೊಂದರಿಂದಲೇ ಪರಿಹಾರವಾಗದು. ನೆಗಡಿಯಿಲ್ಲದ ದಿನಗಳಲ್ಲೂ ಹೆಚ್ಚಿನ ರಾತ್ರಿ ಗೊರಕೆ ಹೊಡೆಯುವುದು, ಬಾಯಿಂದ ಉಸಿರಾಡುವುದು, ನಡುವೆ ಉಸಿರು ನಿಂತಂತಾಗುವುದು ಮೂಗಿನ ಹಿಂಭಾಗದ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದೊಡ್ಡದಾಗಿರುವುದರ ಸೂಚನೆಯಾಗಿರಬಹುದು. ಮಲಗಿದಾಗ ಕಾಲನ್ನು ಒಂದೇ ಸಮನೆ ಆಡಿಸುವ, ಬಿಳಿಚಿಕೊಂಡ ಮಗುವಿಗೆ ಕಬ್ಬಿಣಾಂಶದ ಕೊರತೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ರಕ್ತಹೀನತೆ ಇದೆ. ರಾತ್ರಿ ಗುದದ ಸುತ್ತ ತುರಿಸಿಕೊಂಡು ಏಳುವ ಮಗುವಿಗೆ ದಾರದಂಥ ಜಂತುಹುಳುವಿರಬಹುದು, ಮಾತ್ರೆಯಿಂದ ಅದು ವಾಸಿಯಾಗುತ್ತದೆ. ಮಲಗಿದ ಒಂದೆರಡು ಗಂಟೆಯೊಳಗೆ ಚೀರಿ, ಕಣ್ಣುಬಿಟ್ಟರೂ ಯಾರನ್ನೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲದ ಮಗುವಿನದು ಕೆಟ್ಟ ಕನಸಲ್ಲ. ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ನೋಡಿಕೊಂಡರೆ ತಾನೇ ಶಾಂತವಾಗುತ್ತದೆ. ಪದೇ ಪದೇ ಆದರೆ ತೋರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೂ ಮಕ್ಕಳ ವೈದ್ಯರಿದ್ದಾರೆ.

ನಿದ್ದೆ ಬರಲೆಂದು ನೆಗಡಿಯ ಸಿರಪ್ಪು ಕುಡಿಸುವವರಿದ್ದಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಸೀಸೆಯ ಮೇಲೆ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದಾರೆ. ಅಂಗಡಿಯಲ್ಲಿ ಮಿಠಾಯಿಯ ರೂಪದಲ್ಲಿ ಸಿಗುವ ಮೆಲಟೋನಿನ್ ಕೂಡ ವೈದ್ಯರು ಹೇಳದೆ ಬೇಡ.

ಶುರುಮಾಡಲು ಶಾಲೆಯ ರಜೆಯ ಕೊನೆಯ ವಾರ ಒಳ್ಳೆಯದು, ಬೆಳಗಿನ ವ್ಯಾನಿನ ಅವಸರವಿರುವುದಿಲ್ಲ. ಕ್ಯಾಲೆಂಡರಿನ ಅಂಚಿನಲ್ಲಿ ದಿನವೂ ಮೂರು ಅಂಕಿಗಳನ್ನು ಬರೆಯುತ್ತಾ ಹೋಗಿ: ಎದ್ದ ಹೊತ್ತು, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಹೊತ್ತು, ರಾತ್ರಿ ನಿದ್ದೆ ಬಂದ ಹೊತ್ತು. ನಾಲ್ಕು ವಾರ ಪಾಲಿಸಿದ ಮೇಲೂ ಮೂರನೆಯ ಅಂಕಿ ಹತ್ತಕ್ಕಿಂತ ಕೆಳಗೆ ಇಳಿಯದಿದ್ದರೆ ಆ ಹಾಳೆಯನ್ನು ತೆಗೆದುಕೊಂಡು ಮಗಳೊಂದಿಗೆ ಮಕ್ಕಳ ವೈದ್ಯರ ಬಳಿಗೆ ಹೋಗಿ.